ಬಿಳಿಯ ಕೋಲಿನ ದಾರಿ

ನವಲಗುಂದದ ಸುತ್ತಲಿನ ಎರೆಯ ನೆಲಕ್ಕೆ ಬೇಸಗೆಯಲ್ಲಿ ಒಂದು ಗುಣ, ಮಳೆಗಾಲದಲ್ಲಿ ಇನ್ನೊಂದು ಗುಣ. ಚೈತ್ರ ವೈಶಾಖಗಳ ಬಿಸಿಲಿಗೆ ಅದು ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ; ಮುಂಗಾರಿನ ನಾಲ್ಕು ಹನಿ ಬಿದ್ದೊಡನೆ ಅಂಗಾಲಿಗೆ ಮೆತ್ತಿಕೊಂಡು ಹೆಜ್ಜೆಯನ್ನು ಎತ್ತಗೊಡುವುದಿಲ್ಲ. ಕಣ್ಣುಳ್ಳವರೂ ಈ ನೆಲದ ಮೇಲೆ ನೋಡಿಕೊಂಡೇ ನಡೆಯಬೇಕು. ಹೀಗಿರುವಲ್ಲಿ ಕಣ್ಣಿಲ್ಲದವನು ಹೇಗೆ ನಡೆದಾನು?

ಈ ಪ್ರಶ್ನೆಗೆ ನಮ್ಮ ಹಳ್ಳಿಗಳು ಬಹುಕಾಲದಿಂದ ಕೊಡುತ್ತ ಬಂದ ಉತ್ತರ ಒಂದೇ: ಅವನು ನಡೆಯಬೇಕಾಗಿಲ್ಲ, ಮನೆಯಲ್ಲಿ ಕುಳಿತರೆ ಸಾಕು. "ಎಲ್ಲಿಗಿ ಹೊಂಟಿ? ಬಿದ್ದಗಿದ್ದಿ, ಸುಮ್ಮ ಕೂಡು ಮನ್ಯಾಗ" ಎಂದು ತಾಯಿ ಗದರಿಸುವುದು ಪ್ರೀತಿಯಿಂದಲೇ. ಹೊತ್ತಿಗೆ ಸರಿಯಾಗಿ ರೊಟ್ಟಿ ತಟ್ಟೆಗೆ ಬೀಳುತ್ತದೆ, ನೀರಿನ ತಂಬಿಗೆ ಕೈಗೆ ಬರುತ್ತದೆ. ಆದರೆ ಹೀಗೆ ಪಡಸಾಲೆಯ ಮೂಲೆಯಲ್ಲಿ ಕುಳಿತವನ ಕಾಲಿನ ಬಲ ಕುಗ್ಗುತ್ತದೆ, ಬೆನ್ನು ಬಾಗುತ್ತದೆ, ಊರಿನ ಸುದ್ದಿ ದೂರವಾಗುತ್ತದೆ. ಕಣ್ಣು ಹೋದದ್ದರಿಂದ ಆದ ನಷ್ಟಕ್ಕಿಂತ ಕುಳಿತದ್ದರಿಂದ ಆದ ನಷ್ಟವೇ ಹೆಚ್ಚಾಗುವ ಸಂದರ್ಭಗಳುಂಟು. ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಹುಟ್ಟಿನಿಂದ ಕಣ್ಣಿಲ್ಲದ ಹುಡುಗಿ ತನ್ನ ಓಣಿಯ ಆಚೆಯ ತುದಿಯನ್ನು ಒಮ್ಮೆಯೂ ಮುಟ್ಟದೆ ಮುದುಕಿಯಾಗಬಹುದು.

ಭಾರತದಲ್ಲಿ 2011ರ ಜನಗಣತಿಯಂತೆ ದೃಷ್ಟಿದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ಇವರೆಲ್ಲರೂ ಪೂರ್ಣ ಅಂಧರಲ್ಲ. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂದು ಕಾಣದಾದವರಿಗೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುವುದು ಸಾಧ್ಯ. ಆದುದರಿಂದ ಎಲ್ಲಕ್ಕೂ ಮೊದಲು ಕಣ್ಣಿನ ವೈದ್ಯರಿಂದ ಪರೀಕ್ಷೆಯಾಗಬೇಕು. ಇನ್ನು ಕೆಲವರಿಗೆ ಅಲ್ಪ ದೃಷ್ಟಿ ಉಳಿದಿರುತ್ತದೆ. ಅವರಿಗೆ ಬೆಳಕು ಕತ್ತಲೆಗಳ ಭೇದ, ಬಿಳುಪು ಕಪ್ಪುಗಳ ಭೇದ ತಿಳಿಯುತ್ತದೆ. ಇಂಥವರ ಮನೆಯ ಹೊಸ್ತಿಲಿಗೂ ಕಟ್ಟೆಯ ಮೆಟ್ಟಿಲುಗಳ ಅಂಚಿಗೂ ಒಂದು ಗೇಣು ಸುಣ್ಣ ಬಳಿದರೆ ಎಷ್ಟೋ ಅಪಘಾತಗಳು ತಪ್ಪುತ್ತವೆ. ಚಿಕಿತ್ಸೆಯಿಂದ ದೃಷ್ಟಿ ಮರಳದವರನ್ನು ಮತ್ತೆ ಬದುಕಿನ ನಡುವಿಗೆ ಕರೆತರುವ ಕಾರ್ಯಕ್ಕೆ ಪುನರ್ವಸತಿ ಎಂದು ಹೆಸರು. ಅದರಲ್ಲಿ ಮೊದಲ ಪಾಠ ನಡಿಗೆಯದು.

ನಡಿಗೆಯನ್ನು ಕಲಿಸುವುದೆಂದರೇನು? ಕಾಲು ಚೆನ್ನಾಗಿಯೇ ಇದೆಯಲ್ಲ ಎಂದು ಕೇಳುವವರುಂಟು. ನಡೆಯುವವನ ಮನಸ್ಸು ಪ್ರತಿಕ್ಷಣವೂ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿರುತ್ತದೆ. ನಾನು ಈಗ ಎಲ್ಲಿದ್ದೇನೆ ಎಂಬುದು ಒಂದು; ಮುಂದಿನ ಹೆಜ್ಜೆಯನ್ನು ಅಪಾಯವಿಲ್ಲದೆ ಎಲ್ಲಿ ಇಡಲಿ ಎಂಬುದು ಇನ್ನೊಂದು. ಕಣ್ಣು ಈ ಎರಡಕ್ಕೂ ಒಂದೇ ನೋಟದಲ್ಲಿ ಉತ್ತರ ಕೊಡುವುದರಿಂದ ಪ್ರಶ್ನೆಗಳು ಇದ್ದುದೇ ನಮಗೆ ತಿಳಿಯುವುದಿಲ್ಲ. ಕಣ್ಣಿಲ್ಲದವನು ಮೊದಲನೆಯದಕ್ಕೆ ಕಿವಿ, ಮೂಗು, ಚರ್ಮ, ಅಂಗಾಲುಗಳಿಂದ ಉತ್ತರ ಪಡೆಯಬೇಕು. ಎರಡನೆಯದಕ್ಕೆ ಕೈಯಿಂದಲೂ ಕೋಲಿನಿಂದಲೂ ಪಡೆಯಬೇಕು. ಮೊದಲನೆಯದನ್ನು ದಿಕ್ಕಿನ ಅರಿವು ಎಂದೂ ಎರಡನೆಯದನ್ನು ಸಂಚಾರ ಕೌಶಲವೆಂದೂ ಕರೆಯಬಹುದು.

ಕಣ್ಣಿಲ್ಲದವರಿಗೆ ದೇವರು ಬೇರೊಂದು ಇಂದ್ರಿಯವನ್ನು ಕೊಟ್ಟಿರುತ್ತಾನೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗೋಡೆ ಸಮೀಪಿಸಿದಾಗ ಅದು ಮುಖಕ್ಕೆ ತಾಗಿದಂತೆ ಭಾಸವಾಗುತ್ತದೆಂದು ಅನೇಕ ಅಂಧರೇ ಹೇಳುತ್ತಿದ್ದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸುಪಾ, ಮಿಲ್ಟನ್ ಕಾಟ್ಜಿನ್, ಕಾರ್ಲ್ ಡಾಲೆನ್‌ಬಾಕ್ ಎಂಬ ಮೂವರು ಇದನ್ನು ಪರೀಕ್ಷಿಸಿ 1944ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇವರಲ್ಲಿ ಸುಪಾ ಸ್ವತಃ ಅಂಧರು. ನಡೆಯುವವರ ಮುಖವನ್ನು ದಪ್ಪ ಬಟ್ಟೆಯಿಂದ ಮುಚ್ಚಿದರೂ ಅವರು ಗೋಡೆಯನ್ನು ಗುರುತಿಸಿ ನಿಂತರು. ಕಿವಿಯನ್ನು ಭದ್ರವಾಗಿ ಮುಚ್ಚಿದಾಗ ಮಾತ್ರ ಗುರುತಿಸಲಾರದೆ ಹೋದರು. ಮುಖಕ್ಕೆ ತಾಗಿದಂತೆ ತೋರಿದುದು ವಾಸ್ತವವಾಗಿ ಹೆಜ್ಜೆಯ ಸದ್ದು ಗೋಡೆಗೆ ಬಡಿದು ಕಿವಿಗೆ ಮರಳಿ ಬಂದ ಪ್ರತಿಧ್ವನಿ. ಇದಕ್ಕಿಂತಲೂ ಬೆಲೆಯುಳ್ಳ ಸಂಗತಿ ಇನ್ನೊಂದಿತ್ತು. ಕಣ್ಣುಳ್ಳವರಿಗೆ ಬಟ್ಟೆ ಕಟ್ಟಿ ಅಭ್ಯಾಸ ಮಾಡಿಸಿದಾಗ ಅವರೂ ಈ ವಿದ್ಯೆಯನ್ನು ಕಲಿತರು. ಇದು ವರವಲ್ಲ, ಅಭ್ಯಾಸ. ಅಭ್ಯಾಸವಾದುದರಿಂದಲೇ ಇದನ್ನು ಕಲಿಸಲು ಬರುತ್ತದೆ.

ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಲವತ್ತು ವರ್ಷದ ರೈತನೊಬ್ಬನು ದೃಷ್ಟಿಯನ್ನು ಕಳೆದುಕೊಂಡನೆಂದು ಭಾವಿಸೋಣ. ಅವನಿಗೆ ಊರು ಗೊತ್ತು, ಆದರೆ ಕಣ್ಣಿನಿಂದ ಮಾತ್ರ ಗೊತ್ತು. ಶಿಕ್ಷಕನು ಅವನಿಗೆ ಅದೇ ಊರನ್ನು ಮತ್ತೊಮ್ಮೆ ಪರಿಚಯಿಸಬೇಕು. ಪಾಠ ಪ್ರಾರಂಭವಾಗುವುದು ಮನೆಯ ಒಳಗೆ. ಬೆರಳುಗಳ ಹಿಂಬದಿಯನ್ನು ಗೋಡೆಗೆ ಹಗುರವಾಗಿ ತಾಗಿಸಿ ನಡೆಯುವುದು ಮೊದಲ ಕ್ರಮ. ಬೆರಳ ತುದಿಯನ್ನು ಮುಂದೆ ಚಾಚಿದರೆ ಮೊಳೆಗೋ ಬಾಗಿಲ ಸಂದಿಗೋ ಸಿಕ್ಕಿ ಪೆಟ್ಟಾಗುತ್ತದೆ. ಒಂದು ತೋಳನ್ನು ಮಡಚಿ ಅಂಗೈಯನ್ನು ಹೊರಮುಖವಾಗಿ ಮುಖದ ಎದುರಿಗೆ ಹಿಡಿದರೆ ತೂಗುಹಾಕಿದ ಕಂದೀಲು, ತೆರೆದ ಕಿಟಕಿಯ ಬಾಗಿಲು ಮುಂತಾದವು ಹಣೆಗೆ ಬಡಿಯುವ ಮೊದಲು ಕೈಗೆ ಸಿಗುತ್ತವೆ. ಪಡಸಾಲೆಯಿಂದ ಅಡಿಗೆಯ ಮನೆ, ಅಲ್ಲಿಂದ ಹಿತ್ತಿಲು, ಬಚ್ಚಲು, ದನದ ಕೊಟ್ಟಿಗೆ, ಹೀಗೆ ಅವನ ಲೋಕ ದಿನಕ್ಕಿಷ್ಟು ವಿಸ್ತರಿಸುತ್ತದೆ. ಯಾರ ಸಹಾಯವನ್ನೂ ಕೇಳದೆ ಬಚ್ಚಲಿಗೆ ಹೋಗಿ ಬಂದ ದಿನ ಅವನ ಮುಖದ ಮೇಲೆ ಕಾಣುವ ಗೆಲುವು ಸಣ್ಣದಲ್ಲ.

ಜೊತೆಗಾರರಿಗೂ ಪಾಠವಿದೆ. ಅಂಧನ ತೋಳನ್ನು ಹಿಡಿದು ಮುಂದಕ್ಕೆ ನೂಕುವುದು ನಮ್ಮೆಲ್ಲರ ವಾಡಿಕೆ. ಅದು ತಪ್ಪು. ಹೀಗೆ ನೂಕಿಸಿಕೊಂಡವನು ಹಳ್ಳವಿದ್ದರೆ ಹಳ್ಳಕ್ಕೆ ಮೊದಲು ಬೀಳುತ್ತಾನೆ. ಅವನೇ ಜೊತೆಗಾರನ ತೋಳನ್ನು ಮೊಣಕೈಯ ಮೇಲ್ಭಾಗದಲ್ಲಿ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಆಗ ಜೊತೆಗಾರನು ಮೆಟ್ಟಿಲು ಹತ್ತಿದರೆ ಅವನ ತೋಳು ಮೇಲೇರಿದುದು, ಇಳಿದರೆ ಕೆಳಗಾದುದು, ಹೊರಳಿದರೆ ಹೊರಳಿದುದು ಬಾಯಿಮಾತಿಲ್ಲದೆ ಹಿಂದಿನವನಿಗೆ ತಿಳಿಯುತ್ತದೆ. ಸಂದಿ ಬಂದಾಗ ಜೊತೆಗಾರನು ತನ್ನ ಕೈಯನ್ನು ಬೆನ್ನ ಹಿಂದಕ್ಕೆ ತಂದರೆ ಸಾಕು, ಅಂಧನು ಅವನ ಹಿಂದೆ ಸರಿಯುತ್ತಾನೆ. ಕುರ್ಚಿಯಲ್ಲಿ ಕೂರಿಸುವಾಗ ಭುಜ ಒತ್ತಿ ಕೂರಿಸಬಾರದು. ಕೈಯನ್ನು ಕುರ್ಚಿಯ ಬೆನ್ನಿಗೆ ತಾಗಿಸಿದರೆ ಉಳಿದುದನ್ನು ಅವನೇ ಮಾಡಿಕೊಳ್ಳುತ್ತಾನೆ.

ಮನೆಯ ಹೊರಗೆ ಬಂದಾಗ ಕೋಲು ಬೇಕಾಗುತ್ತದೆ. ಅಂಧನ ಕೈಯಲ್ಲಿ ಕೋಲು ಅನಾದಿಕಾಲದಿಂದ ಇದ್ದುದೇ. ಆದರೆ ಅದು ಭಾರ ಊರುವ ಊರುಗೋಲಾಗಿತ್ತು. ನೆಲವನ್ನು ಓದುವ ಸಾಧನವಾಗಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜೇಮ್ಸ್ ಬಿಗ್ಸ್ ಎಂಬ ಛಾಯಾಗ್ರಾಹಕನು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೇಲೆ, ವಾಹನಗಳವರಿಗೆ ತಾನು ಕಾಣಿಸಲೆಂದು 1921ರಲ್ಲಿ ತನ್ನ ಕೋಲಿಗೆ ಬಿಳಿಯ ಬಣ್ಣ ಹಚ್ಚಿದನು. ಬಣ್ಣವೇನೋ ಬಂದಿತು, ಹಿಡಿಯುವ ಕ್ರಮ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಅಮೆರಿಕದ ವ್ಯಾಲಿ ಫೋರ್ಜ್ ಸೈನಿಕ ಆಸ್ಪತ್ರೆಗೆ ಬಂದಾಗ, ಅಲ್ಲಿದ್ದ ರಿಚರ್ಡ್ ಹೂವರ್ ಎಂಬವರು ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದು ನೋಡಿದರು. ಊರುಗೋಲು ತೀರ ಗಿಡ್ಡ, ತೀರ ಭಾರ ಎಂಬುದು ಅವರಿಗೆ ಮನದಟ್ಟಾಯಿತು. ಹಗುರವಾದ ಉದ್ದ ಕೋಲನ್ನೂ ಅದನ್ನು ಬೀಸುವ ಕ್ರಮವನ್ನೂ ಅವರು ರೂಪಿಸಿದರು. ಹೂವರ್ ಮುಂದೆ ಕಣ್ಣಿನ ವೈದ್ಯರಾದರು. ಇಂದು ಲೋಕದಲ್ಲೆಲ್ಲ ಕಲಿಸುವುದು ಹೆಚ್ಚುಕಡಿಮೆ ಅವರು ರೂಪಿಸಿದ ಕ್ರಮವನ್ನೇ.

ಆ ಕ್ರಮ ಕೇಳಲು ಸರಳ. ಕೋಲು ನೆಲದಿಂದ ಎದೆಯ ಎಲುಬಿನವರೆಗೆ ಬರುವಷ್ಟು ಉದ್ದವಿರಬೇಕು. ಹಿಡಿದ ಕೈ ದೇಹದ ನಡುಭಾಗದಲ್ಲಿ, ಹೊಟ್ಟೆಯ ಮುಂದಿರಬೇಕು. ತೋರುಬೆರಳು ಕೋಲಿನ ಗುಂಟ ನೀಡಿರಬೇಕು. ತೋಳನ್ನಾಡಿಸದೆ ಮಣಿಕಟ್ಟನ್ನು ಮಾತ್ರ ಆಡಿಸುತ್ತ ಕೋಲಿನ ತುದಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ, ಭುಜಗಳ ಅಗಲಕ್ಕಿಂತ ತುಸು ಆಚೆಗೆ, ನೆಲಕ್ಕೆ ತಾಗಿಸಬೇಕು. ಬಲಗಾಲು ಮುಂದೆ ಬರುವಾಗ ಕೋಲು ಎಡಕ್ಕೆ ತಾಗಬೇಕು, ಎಡಗಾಲು ಬರುವಾಗ ಬಲಕ್ಕೆ. ಏಕೆಂದರೆ ಎಡಕ್ಕೆ ತಾಗಿದ ಕೋಲು ಇನ್ನು ಬರಬೇಕಾದ ಎಡಗಾಲಿನ ಸ್ಥಳವನ್ನು ಮೊದಲೇ ನೋಡಿ ಬಂದಿರುತ್ತದೆ. ಹೀಗೆ ಪ್ರತಿಯೊಂದು ಹೆಜ್ಜೆಗೂ ಮೊದಲು ಕೋಲಿನ ಹೆಜ್ಜೆ ಬಿದ್ದಿರುತ್ತದೆ. ಕಣ್ಣುಳ್ಳವನು ಈ ತಾಳವನ್ನು ಕಣ್ಣು ಮುಚ್ಚಿಕೊಂಡು ಹತ್ತು ಹೆಜ್ಜೆ ನಡೆದು ಪ್ರಯತ್ನಿಸಿದರೆ ಅದು ಎಷ್ಟು ಬೇಗ ತಪ್ಪುತ್ತದೆಂಬುದು ತಿಳಿಯುತ್ತದೆ. ಆದುದರಿಂದಲೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಆದರೆ ಈ ವಿದ್ಯೆ ಹುಟ್ಟಿದ್ದು ಆಸ್ಪತ್ರೆಯ ನಡುಮನೆಗಳಲ್ಲಿ, ಸಮತಟ್ಟಾದ ಪಾದಚಾರಿ ಮಾರ್ಗಗಳಲ್ಲಿ. ಧಾರವಾಡ ಜಿಲ್ಲೆಯ ಹಳ್ಳಿಯ ಓಣಿ ಅದಕ್ಕೆ ಬೇರೆಯೇ ಪರೀಕ್ಷೆಯನ್ನು ಒಡ್ಡುತ್ತದೆ. ಹಸಿ ಎರೆಯಲ್ಲಿ ಕೋಲಿನ ಚೂಪು ತುದಿ ಹುಗಿದು ನಿಲ್ಲುತ್ತದೆ. ಅಲ್ಲಿ ಉಂಡೆಯಂಥ ದಪ್ಪ ತುದಿಯ ಕೋಲು ಲೇಸು. ಮನೆಯ ಮುಂದೆ ಬಿಟ್ಟ ಚಕ್ಕಡಿಯ ಮೂಕಿ ಎದೆಯ ಮಟ್ಟದಲ್ಲಿ ಚಾಚಿಕೊಂಡಿರುತ್ತದೆ. ಕೋಲು ಅದರ ಕೆಳಗೆ ನಿರಾತಂಕವಾಗಿ ಹಾದುಹೋಗುತ್ತದೆ, ಎದೆ ಹೋಗುವುದಿಲ್ಲ. ಸೊಂಟಕ್ಕಿಂತ ಮೇಲಿರುವುದನ್ನು ಕೋಲು ಅರಿಯಲಾರದೆಂಬುದು ಅದರ ದೊಡ್ಡ ಕೊರತೆ. ಎತ್ತು ಕಟ್ಟಿದ ಹಗ್ಗ ಕಾಲಿಗೆ ತೊಡಕುತ್ತದೆ. ಎಲ್ಲಕ್ಕೂ ಮಿಗಿಲಾದ ಅಪಾಯ ಹಳೆಯ ಹಗೇವಿನದು. ಜೋಳವನ್ನು ನೆಲದೊಳಗೆ ತುಂಬಿಡುವ ಈ ಹಗೇವುಗಳು ಅನೇಕ ಕಡೆ ಬಳಕೆ ತಪ್ಪಿ, ಬಾಯಿಯ ಮೇಲಿನ ಕಲ್ಲು ಸರಿದು, ಅಂಗಳದಲ್ಲಿಯೋ ಓಣಿಯ ಅಂಚಿನಲ್ಲಿಯೋ ಉಳಿದುಬಿಡುವುದುಂಟು. ಇಂಥ ಹಗೇವಿನ ಬಾಯಿ ಮುಚ್ಚಿಸುವುದು ಕಣ್ಣುಳ್ಳವರ ಮಕ್ಕಳಿಗೂ ಹಿತ.

ತಾಲ್ಲೂಕಿನಿಂದ ತಾಲ್ಲೂಕಿಗೆ ಪಾಠವೂ ಬದಲಾಗುತ್ತದೆ. ಕಲಘಟಗಿಯ ಕಡೆ ಮಲೆನಾಡಿನ ಸೆರಗು. ಭತ್ತದ ಗದ್ದೆಗಳ ನಡುವೆ ಕಿರಿದಾದ ಬದುವಿನ ಮೇಲೆ ನಡೆಯಬೇಕು. ಅಲ್ಲಿ ಕೋಲನ್ನು ಅಗಲವಾಗಿ ಬೀಸುವುದಕ್ಕಿಂತ ಬದುವಿನ ಒಂದು ಅಂಚಿಗೆ ಅದನ್ನು ತಾಗಿಸಿಕೊಂಡು ಹೋಗುವುದು ಕ್ಷೇಮ. ಜಡಿಮಳೆ ಹಂಚಿನ ಮೇಲೆ ಬೀಳುತ್ತಿರುವಾಗ ಬೇರಾವ ಸದ್ದೂ ಕೇಳಿಸದು; ಕಿವಿಯನ್ನೇ ನೆಚ್ಚಿದವನಿಗೆ ಅದು ಮಂಜು ಕವಿದಂತೆ. ಇನ್ನು ನವಲಗುಂದದ ಬಟ್ಟಬಯಲಿನಲ್ಲಿ ಪ್ರತಿಧ್ವನಿ ಕೊಡಲು ಗೋಡೆಯೂ ಇಲ್ಲ, ಮರವೂ ವಿರಳ. ಅಲ್ಲಿ ಸೂರ್ಯನೂ ಗಾಳಿಯೂ ದಿಕ್ಕು ಹೇಳಬೇಕು. ಮುಂಜಾನೆ ಬಿಸಿಲು ಮುಖಕ್ಕೆ ಬಿದ್ದರೆ ಮೂಡಣ. ಆಷಾಢದ ಗಾಳಿ ಬೀಸಿ ಬರುವುದು ಪಡುವಣದಿಂದ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ಲಾರಿಗಳ ಮೊರೆತ ಯಾವ ಮಗ್ಗುಲಿಗೆ ಕೇಳುತ್ತದೆಂಬುದನ್ನು ಗಮನಿಸಿದವನು ಹೊಲದಲ್ಲಿಯೂ ದಿಕ್ಕು ತಪ್ಪನು. ಅಣ್ಣಿಗೇರಿಯವನಿಗೂ ಕುಂದಗೋಳದವನಿಗೂ ರೈಲಿನ ಸದ್ದು ಇದೇ ಕೆಲಸವನ್ನು ಮಾಡುತ್ತದೆ.

ಊರೊಳಗೆ ಗುರುತುಗಳಿಗೆ ಕೊರತೆಯಿಲ್ಲ. ಹಿಟ್ಟಿನ ಗಿರಣಿಯ ಸದ್ದು, ಕಂಬಾರನ ಕುಲುಮೆಯ ಬಡಿತ, ಬೆಲ್ಲ ಹಾಕಿದ ಚಹದ ಅಂಗಡಿಯ ವಾಸನೆ, ಬೇವಿನ ಮರದ ಕೆಳಗಿನ ತಂಪು, ಗುಡಿಯ ಮುಂದಿನ ಹಾಸುಗಲ್ಲು ಅಂಗಾಲಿಗೆ ಕೊಡುವ ನುಣುಪು, ಇವೆಲ್ಲ ಅಂಧನ ನಕಾಶೆಯ ಅಕ್ಷರಗಳು. ಆದರೆ ಒಳ್ಳೆಯ ಶಿಕ್ಷಕನು ಇವುಗಳಲ್ಲಿ ಎರಡು ಜಾತಿ ಮಾಡುತ್ತಾನೆ. ಹಾಸುಗಲ್ಲು, ಮರ, ಗೋಡೆಯ ಮೂಲೆ ಯಾವಾಗಲೂ ಇರುವಂಥವು; ಸದ್ದು ವಾಸನೆಗಳು ಇದ್ದರೆ ಇದ್ದವು, ಇಲ್ಲದಿದ್ದರೆ ಇಲ್ಲ. ಎರಡನೆಯ ಜಾತಿಯನ್ನು ಬಳಸಿಕೊಳ್ಳಬೇಕು, ಮೊದಲನೆಯದನ್ನು ಮಾತ್ರ ನಂಬಬೇಕು. ಈಚೆಗೆ ಓಣಿಗಳಿಗೆಲ್ಲ ಕಾಂಕ್ರೀಟು ಬಂದಿದೆ. ಕೆಸರು ಹೋಯಿತು, ಒಳ್ಳೆಯದೇ. ಆದರೆ ಅಂಗಾಲು ಓದುತ್ತಿದ್ದ ಏರಿಳಿತಗಳೂ ಅದರೊಡನೆ ಮುಚ್ಚಿಹೋದವು. ಸದ್ದಿಲ್ಲದೆ ಬರುವ ವಿದ್ಯುತ್ ಸ್ಕೂಟರು ಇನ್ನೊಂದು ಹೊಸ ತೊಡಕು.

ಉತ್ತರ ಕರ್ನಾಟಕಕ್ಕೆ ಅಂಧರ ಸಂಚಾರ ಹೊಸತೇನೂ ಅಲ್ಲ. ಹುಟ್ಟಿನಿಂದಲೇ ಕಣ್ಣಿಲ್ಲದ ಗದಿಗೆಯ್ಯ ಎಂಬ ಬಾಲಕನನ್ನು ಹಾನಗಲ್ಲಿನ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಅವರೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು (1892-1944) ಪ್ರಸಿದ್ಧರಾದರು. ಅವರು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಅವರದು ಸಂಚಾರಿ ಪಾಠಶಾಲೆ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿ ನೂರಾರು ಅಂಧ ಬಾಲಕರಿಗೆ ಅನ್ನ, ವಿದ್ಯೆ, ಸ್ವರಗಳನ್ನು ಕೊಟ್ಟರು. ಗದಗು 1997ರವರೆಗೆ ಧಾರವಾಡ ಜಿಲ್ಲೆಯ ಭಾಗವೇ ಆಗಿದ್ದಿತು. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಹುಟ್ಟಿತು. ಹುಬ್ಬಳ್ಳಿಯಲ್ಲಿಯೂ ಸರಕಾರದ ಅಂಧ ಮಕ್ಕಳ ಶಾಲೆಯಿದೆ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಪ್ರಾರಂಭವಾದ ಕೇಂದ್ರವು ಮುಂದೆ ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು. ಗುಜರಾತದ ಫಣಸಾದಲ್ಲಿ 1960ರಿಂದ ಅಂಧರಿಗೆ ಒಕ್ಕಲುತನವನ್ನೇ ಕಲಿಸುವ ಕೇಂದ್ರವೊಂದು ನಡೆದು ಬಂದಿತು. ಕಣ್ಣಿಲ್ಲದವನು ಕಳೆ ಕೀಳಬಲ್ಲ, ದನಗಳನ್ನು ಸಾಕಬಲ್ಲ, ಹಾಲು ಕರೆಯಬಲ್ಲನೆಂಬುದನ್ನು ಅದು ಮಾಡಿ ತೋರಿಸಿತು.

ಶಾಲೆಗೂ ಆಶ್ರಮಕ್ಕೂ ಹೋಗುವುದು ಮಕ್ಕಳಿಗೆ ಸಾಧ್ಯ. ನಲವತ್ತು ವರ್ಷದ ರೈತನಿಗೆ, ಅರವತ್ತು ವರ್ಷದ ಅಜ್ಜಿಗೆ ವಿದ್ಯೆಯೇ ಮನೆಯ ಬಾಗಿಲಿಗೆ ಬರಬೇಕು. ಈ ವಿಚಾರದಿಂದಲೇ ಸಮುದಾಯ ಆಧಾರಿತ ಪುನರ್ವಸತಿ ಎಂಬ ಕ್ರಮ ಬಳಕೆಗೆ ಬಂದಿತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಸರಕಾರಿ ಬಸ್ಸಿನಲ್ಲಿ ಅಂಧರಿಗೆ ಉಚಿತ ಪಾಸಿನ ಸೌಲಭ್ಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಇದನ್ನೆಲ್ಲ ದಯೆಯೆನ್ನದೆ ಹಕ್ಕು ಎಂದು ಕರೆದಿದೆ. ಆದರೂ ಒಂದು ಮಾತನ್ನು ಹೇಳದಿರಲಾಗದು. ಸಮಾರಂಭ ನಡೆಸಿ, ಹಾರ ಹಾಕಿ ಬಿಳಿಯ ಕೋಲನ್ನು ಹಂಚುವುದು ಸುಲಭ. ಆಮೇಲೆ ನಲವತ್ತು ದಿನ ಅವನ ಹಿಂದೆ ನಡೆಯುವುದು ಕಷ್ಟ. ಕಲಿಸದೆ ಕೊಟ್ಟ ಕೋಲು ಬಾಗಿಲ ಹಿಂದೆ ಧೂಳು ತಿನ್ನುತ್ತ ನಿಲ್ಲುತ್ತದೆ. ಕಲಿಸುವವನಿದ್ದರೆ ಹಿತ್ತಿಲ ಬಿದಿರನ್ನು ಅಳತೆಗೆ ಕಡಿದು ಬಿಳಿಯ ಬಣ್ಣ ಬಳಿದರೂ ನಡೆಯುತ್ತದೆ.

ಯಂತ್ರಗಳೂ ಈಗ ನೆರವಿಗೆ ಬಂದಿವೆ. ಡೆಲ್ಲಿಯ ಐ.ಐ.ಟಿ.ಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ ಸ್ಮಾರ್ಟ್‌ಕೇನ್ ಎಂಬ ಉಪಕರಣವು ಬಾವಲಿಯಂತೆ, ಮನುಷ್ಯನ ಕಿವಿಗೆ ನಿಲುಕದ ಶಬ್ದವನ್ನು ಕಳಿಸಿ, ಮರಳಿ ಬಂದುದನ್ನು ಗ್ರಹಿಸಿ, ಹಿಡಿದ ಕೈಗೆ ಕಂಪನದ ಮೂಲಕ ಎಚ್ಚರಿಕೆ ಕೊಡುತ್ತದೆ. ಚಕ್ಕಡಿಯ ಮೂಕಿಯಂಥ ಅಡ್ಡಿಯನ್ನು ಇದು ಮೊದಲೇ ತಿಳಿಸಬಲ್ಲದು. ನೆಲದ ಕುಣಿಯನ್ನು ತಿಳಿಯಲು ಮಾತ್ರ ಇಂದಿಗೂ ಕೋಲಿನ ತುದಿಯೇ ಬೇಕು.

ಇಷ್ಟಾದರೂ ಕಣ್ಣುಳ್ಳವರ ನಡತೆ ಬದಲಾಗದಿದ್ದರೆ ಅಂಧನ ಅರ್ಧ ಶ್ರಮ ವ್ಯರ್ಥ. ದಾರಿಯಲ್ಲಿ ಅವನ ಕೈ ಹಿಡಿದು "ನಾ ಯಾರು ಹೇಳು ನೋಡೂಣು" ಎಂದು ಪರೀಕ್ಷಿಸುವ ಹವ್ಯಾಸ ಅನೇಕರಿಗುಂಟು. ಅದು ವಿನೋದವಲ್ಲ, ಪೀಡೆ. "ಕಾಕಾ, ನಾ ಗಿರಣಿಯವರ ಮಗ" ಎಂದು ಮೊದಲೇ ಹೇಳಿ ಮಾತಾಡಿಸುವುದು ಸಭ್ಯತೆ. ಹೊರಡುವಾಗ ಹೊರಟೆನೆಂದು ಹೇಳುವುದೂ ಅಷ್ಟೇ ಅವಶ್ಯ, ಇಲ್ಲದಿದ್ದರೆ ಅವನು ಬರಿಯ ಗಾಳಿಯೊಡನೆ ಮಾತಾಡುತ್ತ ನಿಲ್ಲಬೇಕಾಗುತ್ತದೆ. ದಾರಿ ಕೇಳಿದರೆ "ಅಲ್ಲಿ", "ಇಲ್ಲಿ" ಎಂದು ಕೈ ತೋರಿಸಿ ಫಲವಿಲ್ಲ. ಎಡಕ್ಕೆ ಹತ್ತು ಹೆಜ್ಜೆ, ಆಮೇಲೆ ಎರಡು ಮೆಟ್ಟಿಲು ಎಂಬ ಮಾತು ಅವನಿಗೆ ಕಣ್ಣಾಗುತ್ತದೆ.

ಶಿಕ್ಷಣದ ಕೊನೆಯ ದಿನ ಒಂದು ಪರೀಕ್ಷೆಯಿರುತ್ತದೆ. ಕಲಿತವನು ಒಬ್ಬನೇ ಹೋಗಬೇಕು. ಶಿಕ್ಷಕನು ಇಪ್ಪತ್ತು ಹೆಜ್ಜೆ ಹಿಂದಿರುತ್ತಾನೆ, ಪ್ರಾಣಾಪಾಯದ ಹೊರತು ಬಾಯಿ ತೆರೆಯುವುದಿಲ್ಲ. ನಮ್ಮ ರೈತನು ಜೋಳದ ಚೀಲವನ್ನು ಎಡಹೆಗಲಿಗೇರಿಸಿ, ಬಲಗೈಯಲ್ಲಿ ಕೋಲು ಹಿಡಿದು ಗಿರಣಿಗೆ ಹೊರಡುತ್ತಾನೆ. ಹೊಸ್ತಿಲಲ್ಲಿ ನಿಂತ ಹೆಂಡತಿಗೆ ಕೂಗಬೇಕೆನಿಸಿದರೂ ಕೂಗಬಾರದೆಂದು ಮೊದಲೇ ಹೇಳಲಾಗಿದೆ. ಅವನು ಗೋಡೆಯ ಮೂಲೆಯನ್ನು ಮುಟ್ಟಿ ಬಲಕ್ಕೆ ಹೊರಳುತ್ತಾನೆ, ಹಾಸುಗಲ್ಲನ್ನು ದಾಟುತ್ತಾನೆ. ಇನ್ನು ಗಿರಣಿಯ ಸದ್ದು ಕೇಳಬೇಕಾದ ಸ್ಥಳ. ಕೇಳುತ್ತಿಲ್ಲ. ಅವನು ನಿಲ್ಲುತ್ತಾನೆ. ಹಿಂದೆ ಬರುತ್ತಿದ್ದ ಶಿಕ್ಷಕನೂ ನಿಲ್ಲುತ್ತಾನೆ. ದಾರಿ ತಪ್ಪಿತೇ, ಅಥವಾ ಗಿರಣಿಯೇ ನಿಂತಿದೆಯೇ? ಅವನು ಹಿಂದಕ್ಕೆ ಮೂರು ಹೆಜ್ಜೆ ಸರಿದು ಹಾಸುಗಲ್ಲು ಇದ್ದಲ್ಲಿಯೇ ಇದೆಯೆಂದು ಕೋಲಿನಿಂದ ಖಚಿತಪಡಿಸಿಕೊಳ್ಳುತ್ತಾನೆ. ಮತ್ತೆ ಮುಂದೆ ಬಂದು ಬೇವಿನ ನೆರಳಿನ ತಂಪು ಮೈಗೆ ತಾಗುವವರೆಗೆ ನಡೆಯುತ್ತಾನೆ. ಅಲ್ಲಿಂದ ಎಡಕ್ಕೆ ಹನ್ನೆರಡು ಹೆಜ್ಜೆ. ಕೋಲಿನ ತುದಿ ಕಟ್ಟೆಯ ಕಲ್ಲಿಗೆ ತಾಗಿ ಟಣ್ಣೆನ್ನುತ್ತದೆ; ಹಿಟ್ಟಿನ ವಾಸನೆ ಮೂಗಿಗೆ ಬರುತ್ತದೆ. ಚೀಲವನ್ನು ಕಟ್ಟೆಯ ಮೇಲೆ ಇಳಿಸಿ, ಬೆವರು ಒರೆಸಿಕೊಂಡು, ಕರೆಂಟು ಎಷ್ಟು ಹೊತ್ತಿಗೆ ಬಂದೀತೆಂದು ಒಳಗಿದ್ದವರನ್ನು ಕೇಳುತ್ತಾನೆ.